ನನಗೆ ಎಷ್ಟು ವ್ಯಾಟ್ ಬೇಕು

ನಮ್ಮ ಮನೆಗೆ ಮೊದಲ ಸಲ ಬಂದವರು ಕಾಫಿ ಕುಡಿದು ಮುಗಿಸಿದ ಮೇಲೆ ಲೋಟ ಎಲ್ಲಿಡುವುದೆಂದು ಅತ್ತಿತ್ತ ನೋಡುತ್ತಾರೆ. ಟೀಪಾಯಿ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲೇ ಇರುತ್ತದೆ. ಆದರೂ ಅವರ ಕೈ ಹೋಗುವುದು ಟೀವಿಯ ಎರಡೂ ಪಕ್ಕ ನಿಂತಿರುವ ಸೊಂಟದೆತ್ತರದ ಮರದ ಪೆಟ್ಟಿಗೆಗಳ ಮೇಲಕ್ಕೆ. "ಅಲ್ಲಿ ಬೇಡ!" ಎನ್ನುತ್ತೇನೆ. ದನಿ ನಾನು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಬರುತ್ತದೆ. ಬಂದವರು ಬೆಚ್ಚಿ ಲೋಟ ಎತ್ತಿಕೊಂಡು, "ಇದೇನು, ಬೀರುವಾ?" ಎಂದು ಕೇಳುತ್ತಾರೆ.

ಸ್ಪೀಕರ್ ಎಂದರೆ ಅವರಿಗೆ ನನ್ನ ಮೇಲೆ ಕನಿಕರ ಹುಟ್ಟುತ್ತದೆ. ಈಗ ಎಲ್ಲ ಅಂಗೈಯಗಲಕ್ಕೆ ಬಂದಿದೆಯಂತೆ. ಅವರ ಮನೆಯಲ್ಲಿ ಒಂದಿದೆಯಂತೆ, ಉಪ್ಪಿನಕಾಯಿ ಭರಣಿಯಷ್ಟೇ ಇದೆಯಂತೆ, ವೈರಿಲ್ಲ, ಧೂಳಿಲ್ಲ, ಫೋನಿನಿಂದಲೇ ಹಾಡುತ್ತದಂತೆ. "ನಿಮಗೂ ಅಂಥದ್ದೇ ಒಂದು ಸಾಕಲ್ವಾ ಸಿಸ್ಟರ್?" ಎಂದು ಕೊನೆಗೆ ಕೇಳಿಯೇ ಕೇಳುತ್ತಾರೆ. ನಾನು ನಗುತ್ತೇನೆ. ಉತ್ತರ ಹೇಳಲು ಹೊರಟರೆ ಅವರು ಬಸ್ಸು ತಪ್ಪಿಸಿಕೊಳ್ಳುತ್ತಾರೆ. ನಿಮಗೆ ಅವಸರವಿಲ್ಲದಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ. ಲೋಟ ಮಾತ್ರ ಟೀಪಾಯಿಯ ಮೇಲಿಡಿ.

ನಾನು ದುಡಿಮೆಯ ಕಾಲವನ್ನೆಲ್ಲ ನರ್ಸ್ ಆಗಿ ಕಳೆದವಳು. ವಾರ್ಡಿನ ಬಾಗಿಲ ಮೇಲೆ "ಶಬ್ದ ಮಾಡಬೇಡಿ" ಎಂಬ ಫಲಕವಿತ್ತು. ರೋಗಿಗಳ ಕಡೆಯವರು ಅದನ್ನು ಓದುತ್ತಿರಲಿಲ್ಲ, ಹಾಗಾಗಿ ಅದನ್ನು ಪಾಲಿಸುವ ಹೊಣೆ ನಮ್ಮ ಮೇಲೆಯೇ ಬಿದ್ದಿತ್ತು. ರಬ್ಬರಿನ ಚಪ್ಪಲಿ, ಸದ್ದಾಗದ ಟ್ರಾಲಿ, ಕಿವಿಯ ಹತ್ತಿರ ಬಗ್ಗಿ ಆಡುವ ಮಾತು. ಒಂದು ಚಮಚ ಕೆಳಗೆ ಬಿದ್ದರೆ ಮೇಟ್ರನ್ ಆ ಕೊನೆಯಿಂದ ಈ ಕೊನೆಗೆ ಕಣ್ಣು ಬಿಡುತ್ತಿದ್ದರು. ಈ ಅಭ್ಯಾಸ ಮನೆಗೂ ಬಂತು. ನಾನು ನಡೆದದ್ದು ಯಾರಿಗೂ ಕೇಳುತ್ತಿರಲಿಲ್ಲ. ಮಗಳು ರೂಪ ಚಿಕ್ಕವಳಿದ್ದಾಗ ತಿರುಗಿ ನೋಡಿ, ಬೆನ್ನ ಹಿಂದೆಯೇ ನಿಂತಿರುವ ತಾಯಿಯನ್ನು ಕಂಡು ಕಿಟಾರನೆ ಕಿರುಚಿಕೊಳ್ಳುತ್ತಿದ್ದಳು. ಈಗ ಅವಳು ಪಾಲಿಟೆಕ್ನಿಕ್ಕಿನಲ್ಲಿ ಮೇಡಂ. ಆದರೂ ಒಮ್ಮೊಮ್ಮೆ ಕಿರುಚುತ್ತಾಳೆ.

ನಮ್ಮ ಆಸ್ಪತ್ರೆಯ ಡಾಕ್ಟರಮ್ಮನ ತಂದೆಗೆ ಕೆಲವು ತಿಂಗಳು ನಾನು ಸಂಜೆ ಹೊತ್ತು ಮನೆಗೇ ಹೋಗಿ ಇಂಜೆಕ್ಷನ್ ಕೊಡಬೇಕಾಗಿತ್ತು. ಮುದುಕರು ಕಣ್ಣು ಮುಚ್ಚಿಕೊಂಡು ಪಿಟೀಲು ಕೇಳುತ್ತ ಕೂತಿರುತ್ತಿದ್ದರು. ನಾನು ಸಿರಿಂಜು ಸಿದ್ಧ ಮಾಡಿಕೊಂಡು ಪಕ್ಕಕ್ಕೆ ಹೋದರೆ ಒಂದೇ ಕಣ್ಣು ತೆರೆದು, "ಚುಚ್ಚೋದು ಇದ್ದದ್ದೇ ಕಣಮ್ಮ, ಇದೊಂದು ಮುಗೀಲಿ" ಎನ್ನುತ್ತಿದ್ದರು. ಹಾಗೆ ಕಾಯುತ್ತ ನಿಂತು ನಾನು ಈ ಸ್ಪೀಕರುಗಳನ್ನು ಮೊದಲ ಸಲ ಕೇಳಿದೆ. ಸ್ವರ ಹುಟ್ಟುವುದಕ್ಕೆ ಮುಂಚೆ ಕಮಾನು ತಂತಿಗೆ ತಾಗುವ ಸಣ್ಣ ಕರಕರ ಕೇಳುತ್ತಿತ್ತು. ನುಡಿಸುವವರು ಉಸಿರು ಎಳೆದುಕೊಂಡಿದ್ದು ಕೇಳುತ್ತಿತ್ತು. ಯಾರೋ ಪಕ್ಕದ ಕೋಣೆಯಿಂದ ಎದ್ದು ಬಂದು ಎದುರಿಗೆ ಕೂತ ಹಾಗೆ ಆಗುತ್ತಿತ್ತು. ನನಗೆ ಪಿಟೀಲು ಗೊತ್ತಿಲ್ಲ, ರಾಗವೂ ಗೊತ್ತಿಲ್ಲ. ಆದರೆ ಅಲ್ಲಿ ಒಬ್ಬ ಮನುಷ್ಯ ಇದ್ದಾನೆ ಎನ್ನುವುದು ಗೊತ್ತಾಗುತ್ತಿತ್ತು.

ಮುದುಕರು ಹೋದರು. ಕೆಲವು ವರ್ಷದ ಮೇಲೆ ಡಾಕ್ಟರಮ್ಮ ಅಪಾರ್ಟ್‌ಮೆಂಟಿಗೆ ಹೊರಟಾಗ ಫೋನ್ ಮಾಡಿದರು. "ಸಿಸ್ಟರ್, ಅಪ್ಪನ ಸ್ಪೀಕರ್ ನೀವು ತಗೊಂಡು ಹೋಗ್ತೀರಾ? ನೀವು ಕೇಳಿದಷ್ಟು ಅದನ್ನ ನಮ್ಮನೇಲಿ ಯಾರೂ ಕೇಳಿಲ್ಲ." ಆಂಪ್ಲಿಫೈಯರ್ ಎಂದೋ ಕೆಟ್ಟು ಗುಜರಿಗೆ ಹೋಗಿತ್ತು, ಪೆಟ್ಟಿಗೆಗಳು ಮಾತ್ರ ಉಳಿದಿದ್ದವು. ಗೂಡ್ಸ್ ಆಟೋದಲ್ಲಿ ಅವುಗಳನ್ನು ಹಿನಕಲ್ಲಿನ ನಮ್ಮ ಮನೆಗೆ ತಂದು, ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನಿಲ್ಲಿಸಿದೆ. ಆಂಪ್ಲಿಫೈಯರ್ ಇಲ್ಲದ ಸ್ಪೀಕರ್ ಬೀರುವಿಗಿಂತ ಕಡೆ, ಒಳಗೆ ಸೀರೆಯನ್ನಾದರೂ ಇಡಲಾಗುವುದಿಲ್ಲ. ಇವತ್ತು ನಾಳೆ ಎನ್ನುತ್ತ ನಾನು ಸುಮ್ಮನಿದ್ದೆ. ಸುಮ್ಮನಿರಲು ಬಿಡದೆ ಹೋದದ್ದು ನನ್ನ ತಮ್ಮ ಮಾದೇವನ ಒಂದು ಮಾತು.

ಮಾದೇವ ಬಸ್ ಡ್ರೈವರ್ ಆಗಿದ್ದವನು. ಆದರೆ ನಾವು ಹುಟ್ಟಿ ಬೆಳೆದ ಕೆಸರೆಯಲ್ಲಿ ಯಾರನ್ನು ಕೇಳಿದರೂ ತಮಟೆ ಮಾದೇವ ಎಂದೇ ಹೇಳುತ್ತಾರೆ. ಡ್ಯೂಟಿ ಮುಗಿಸಿ ಖಾಕಿ ಬಿಚ್ಚಿ ತಮಟೆ ಹೆಗಲಿಗೆ ಹಾಕಿಕೊಂಡನೆಂದರೆ ಅವನ ನಿಲುವೇ ಬೇರೆಯಾಗುತ್ತಿತ್ತು. ಮದುವೆಗೆ, ಹಬ್ಬಕ್ಕೆ, ಮೆರವಣಿಗೆಗೆ, ಸಾವಿಗೆ ಅವನ ತಂಡವನ್ನು ಕರೆಯುತ್ತಿದ್ದರು. ಬಹಳ ಕಡೆ ಗೇಟಿನ ಹೊರಗೆ ನಿಲ್ಲಿಸಿ ಬಾರಿಸಿಕೊಳ್ಳುತ್ತಿದ್ದರು, ಊಟವನ್ನೂ ಅಲ್ಲಿಗೇ ತಂದುಕೊಡುತ್ತಿದ್ದರು. ಅವನು ಅದನ್ನೆಲ್ಲ ಮನೆಯಲ್ಲಿ ಹೇಳುತ್ತಿರಲಿಲ್ಲ. ಬಾರಿಸಿದ್ದನ್ನು ಮಾತ್ರ ಹೇಳುತ್ತಿದ್ದ, ಬಾಯಲ್ಲಿ ಪೆಟ್ಟು ಹಾಕಿ ತೋರಿಸುತ್ತಿದ್ದ.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಮಾತು ಸ್ವಲ್ಪ ತೊದಲಾದರೂ ಉಳಿಯಿತು, ಬಲಗೈ ಉಳಿಯಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದವನು ಬಾಗಿಲ ಹಿಂದೆ ತೂಗುಹಾಕಿದ್ದ ತಮಟೆಯನ್ನು ನೋಡಿ ಹೆಂಡತಿಗೆ, "ಯಾರ್ಗಾದ್ರೂ ಕೊಟ್ಬುಡು" ಎಂದನಂತೆ. ಅವಳು ಕೊಡಲಿಲ್ಲ, ಬೇರೆ ಕೋಣೆಗೆ ಸಾಗಿಸಿದಳು. ಜಾನಪದ ಓದುತ್ತಿದ್ದ ಒಬ್ಬ ಹುಡುಗಿ ಹಿಂದೆ ಒಳ್ಳೆಯ ಮೈಕುಗಳನ್ನು ತಂದು ಅವನ ತಂಡದ ವಾದ್ಯವನ್ನು ರೆಕಾರ್ಡ್ ಮಾಡಿಕೊಂಡಿದ್ದಳು. ನಾನು ಅವಳನ್ನು ಹುಡುಕಿ, ಅದನ್ನು ತರಿಸಿಕೊಂಡು, ಇವನಿಗೆ ಖುಷಿಯಾಗಲೆಂದು ಫೋನಿನಲ್ಲಿ ಹಾಕಿ ಕಿವಿಯ ಹತ್ತಿರ ಹಿಡಿದೆ. ಮಾದೇವ ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಎಡಗೈಯಲ್ಲಿ ನನ್ನ ಫೋನನ್ನು ಪಕ್ಕಕ್ಕೆ ತಳ್ಳಿದ.

"ಇದು ನಾನಲ್ಲ ಕಣಕ್ಕ."

"ನೀನೇ ಕಣೋ! ನಿನ್ನ ತಂಡವೇ."

"ತಗಡಿನ ಮ್ಯಾಲೆ ಕಲ್ ಸುರ್ದಂಗದೆ. ಇಲ್ಲ, ಇಂಗೇ ಇತ್ತೇನೋ. ಬುಡು, ಏನೋ ಬಡೀತಿದ್ದೊ, ಗದ್ಲ."

ಆ "ಗದ್ಲ" ಎನ್ನುವ ಮಾತನ್ನು ಊರಿನವರು ಅಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ, ಅದು ನನಗೆ ರೂಢಿ. ತಾನು ಬದುಕೆಲ್ಲ ಮಾಡಿದ್ದು ಬರೀ ಗದ್ದಲ ಎಂದು ಅವನೇ ನಂಬಲು ಶುರುಮಾಡಿದ್ದ. ಕೈ ಹೋದವನಿಗೆ ನಾನು ಕೈ ಕೊಡಲಾರೆ, ಅದನ್ನು ಅರಿಯದಷ್ಟು ಹುಂಬ ನರ್ಸ್ ನಾನಲ್ಲ. ಆದರೆ ಬಾರಿಸಿದ್ದನ್ನೂ ಕಳೆದುಕೊಳ್ಳಲು ಬಿಡುವುದಿಲ್ಲ ಎಂದು ಅಂದೇ ನಿಶ್ಚಯಿಸಿದೆ. ಅವನನ್ನು ನಮ್ಮ ಮನೆಯ ಕುರ್ಚಿಯ ಮೇಲೆ ಕೂರಿಸಿ, ಅವನ ತಮಟೆಯನ್ನು ಅವನಿಗೇ ಕೇಳಿಸಬೇಕು, ಇದ್ದದ್ದು ಇದ್ದಷ್ಟೇ ದೊಡ್ಡದಾಗಿ. ಪೆಟ್ಟಿಗೆಗಳು ಇದ್ದವು, ಆಂಪ್ಲಿಫೈಯರ್ ಒಂದು ಬೇಕಾಗಿತ್ತು.

ಆಂಪ್ಲಿಫೈಯರ್ ಎಂದರೆ ನನಗೆ ಹೊಸದೇನಲ್ಲ ಎಂದು ಆಗ ನಾನು ನಂಬಿದ್ದೆ. ನಮ್ಮಪ್ಪ ಮೈಕ್ ಸೆಟ್ ಇಟ್ಟುಕೊಂಡಿದ್ದವರು. ನಮ್ಮ ಕೆಸರೆಯ ಮನೆಯಲ್ಲಿ ಅಕ್ಕಿ ಮೂಟೆಯ ಜಾಗದಲ್ಲಿ ಹಾರ್ನ್‌ಗಳಿರುತ್ತಿದ್ದವು. ಅವುಗಳ ಬಾಯೊಳಗೆ ತಲೆಯಿಟ್ಟು ಕೂಗುವುದು ನನ್ನ ಮತ್ತು ಮಾದೇವನ ಆಟ. ಒಮ್ಮೆ ಬೆಕ್ಕೊಂದು ಹಾರ್ನಿನಲ್ಲಿ ಮರಿ ಹಾಕಿತ್ತು, ಅಪ್ಪ ಆ ಹಾರ್ನನ್ನು ಬಿಟ್ಟು ಮದುವೆಗೆ ಹೋದರು. ನನ್ನ ಕೆಲಸ ವೈರು ಸುತ್ತುವುದು, ಮೊಣಕೈಗೂ ಹೆಬ್ಬೆರಳಿಗೂ ಸೇರಿಸಿ ಗಂಟಾಗದಂತೆ ಸುತ್ತಬೇಕು. ಈಗಲೂ ಯಾರ ಮನೆಯಲ್ಲಾದರೂ ಹಗ್ಗವೋ ದಾರವೋ ಕೆಳಗೆ ಬಿದ್ದಿದ್ದರೆ ನನ್ನ ಕೈ ತಾನಾಗಿ ಸುತ್ತತೊಡಗುತ್ತದೆ.

ಅಪ್ಪನಿಗೆ ಒಂದು ಪದ್ಧತಿ ಇತ್ತು. ಯಾವ ಊರಿಗೆ ಹೋದರೂ ಒಂದು ಹಾರ್ನ್ ಚಪ್ಪರದ ಕಡೆ, ಇನ್ನೊಂದು ನಮ್ಮನ್ನು ಕರೆಯದ ಬೀದಿಯ ಕಡೆ. ಆ ಬೀದಿಗಳಲ್ಲಿ ನಮಗೆ ನೀರನ್ನು ಮೇಲಿನಿಂದ ಸುರಿದು ಕೊಡುತ್ತಿದ್ದ ಮನೆಗಳಿದ್ದವು. "ಅತ್ಲಾಗೆ ಯಾಕೆ ತಿರುಗಿಸ್ತೀಯ, ಅಲ್ಯಾರೂ ಕೇಳಲ್ಲ" ಎಂದು ಯಾರಾದರೂ ಕೇಳಿದರೆ, "ಕಿವಿ ಇದ್ದೋರೆಲ್ಲ ಕೇಳ್ತಾರೆ, ಬುಡಿ" ಎನ್ನುತ್ತಿದ್ದರು. ಆಮೇಲೆ ಮೈಕಿಗೆ ಬಾಯಿ ಕೊಟ್ಟು ಹಲೋ ಹಲೋ ಎಂದು ಟೆಸ್ಟಿಂಗ್ ಶುರುಮಾಡುತ್ತಿದ್ದರು. ಅಗತ್ಯಕ್ಕಿಂತ ತುಂಬ ಹೆಚ್ಚು ಹೊತ್ತು ಟೆಸ್ಟಿಂಗ್ ಮಾಡುತ್ತಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ನಾವು ಹೊಸ್ತಿಲು ದಾಟದ ಮನೆಗಳ ಅಡುಗೆಮನೆಯವರೆಗೂ ಅಪ್ಪನ ದನಿ ಹೋಗುತ್ತಿತ್ತು.

ಇಂಥ ಅಪ್ಪನ ಮಗಳು ಅಂಗಡಿಗೆ ಹೋಗಿ ಆಂಪ್ಲಿಫೈಯರ್ ಕೊಳ್ಳುವುದುಂಟೆ? ಮಾದೇವನ ಮನೆಯ ಅಟ್ಟದಲ್ಲಿ ಅಪ್ಪನ ಆಂಪ್ಲಿಫೈಯರ್ ಇತ್ತು. ಕಬ್ಬಿಣದ ಡಬ್ಬ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಇಳಿಸಿ ತಂದು, ಜೇಡರ ಬಲೆ ತೆಗೆದು, ಪ್ಲಗ್ ಹಾಕಿದರೆ ಕೆಂಪು ದೀಪ ಹತ್ತಿತು. ರೂಪ ಪಕ್ಕದಲ್ಲಿ ನಿಂತು, "ಅಮ್ಮ, ಯಾರನ್ನಾದ್ರೂ ಕೇಳಿ ಹಾಕೋಣ" ಎಂದಳು. ನಾನು ಅವಳನ್ನು ಒಂದು ಸಲ ನೋಡಿದೆ ಅಷ್ಟೆ. ನಾನು ವೈರು ಚುಚ್ಚಲು ಕಲಿತಾಗ ಇವಳು ಹುಟ್ಟಿರಲಿಲ್ಲ.

ನನ್ನ ಕೈಗೆ ಗೊತ್ತಿದ್ದ ಜಾಗ ಒಂದೇ. ಅಪ್ಪ ಯಾವಾಗಲೂ ಹಾರ್ನ್ ವೈರುಗಳನ್ನು ನೂರು ವೋಲ್ಟ್ ಎಂದು ಬರೆದಿರುವ ತೂತಿಗೆ ಸಿಕ್ಕಿಸುತ್ತಿದ್ದರು. ಬೀದಿಗಟ್ಟಲೆ ಉದ್ದ ವೈರು ಎಳೆಯುವವರು ಹಾಗೆಯೇ ಮಾಡುವುದು. ಪ್ರತಿ ಹಾರ್ನಿನ ಬೆನ್ನಿಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಆ ನೂರು ವೋಲ್ಟನ್ನು ಅದು ತಗ್ಗಿಸಿಕೊಳ್ಳುತ್ತದೆ. ಮನೆಯ ಸ್ಪೀಕರಿಗೆ ಅಂಥದ್ದು ಇರುವುದಿಲ್ಲ, ಅದಕ್ಕೆಂದೇ ಪಕ್ಕದಲ್ಲಿ ಬೇರೆ ತೂತುಗಳಿವೆ. ಅವುಗಳನ್ನು ನಾನು ಬಾಲ್ಯದಲ್ಲಿ ನೋಡಿದ್ದೆ, ಯಾರೂ ಬಳಸಿದ್ದನ್ನು ನೋಡಿರಲಿಲ್ಲ. ನಿಮ್ಮಂಥವರಾದರೆ ಏನೂ ಗೊತ್ತಿಲ್ಲದೆ ಪುಸ್ತಕ ನೋಡಿ ಸರಿಯಾಗಿ ಹಾಕುತ್ತಿದ್ದಿರಿ. ಮೈಕ್ ಸೆಟ್ಟಿನವರ ಮಗಳಾದ್ದರಿಂದ ನಾನು ಪೂರ್ಣ ಆತ್ಮವಿಶ್ವಾಸದಿಂದ ನೂರು ವೋಲ್ಟಿಗೇ ಹಾಕಿದೆ.

ಎಮ್ಮೆ ಕೆಮ್ಮಿದಂಥ ಒಂದು ಸದ್ದು ಬಂತು. ಆಮೇಲೆ ಬಂದದ್ದು ವಾಸನೆ. ಎಡಗಡೆಯ ಪೆಟ್ಟಿಗೆಯಲ್ಲಿ ತೆಳುವಾದ ದನಿಗಳನ್ನು ನುಡಿಯುವ ಪುಟ್ಟ ಸ್ಪೀಕರ್, ಟ್ವೀಟರ್ ಎನ್ನುತ್ತಾರಲ್ಲ, ಅದು ಸುಟ್ಟುಹೋಗಿತ್ತು. ಅಪ್ಪನ ಆಂಪ್ಲಿಫೈಯರ್ ದೀಪ ಆರಿಸಿಕೊಂಡು ಕೂತಿತು. ಪಿಟೀಲಿನ ಉಸಿರನ್ನು ನುಡಿದ ಪೆಟ್ಟಿಗೆಗೆ ನಾನು ಬೆಂಕಿ ಇಟ್ಟಿದ್ದೆ. ನನಗೆ ಅಳು ಬರುವ ಹಾಗಾಯಿತು. ರೂಪ ಕಿಟಕಿ ತೆಗೆದು, ಬಹಳ ಮೃದುವಾಗಿ, "ಅಮ್ಮ, ಒಂದು ಬ್ಲೂಟೂತ್ ಸ್ಪೀಕರ್ ತಂದುಬಿಡ್ಲಾ?" ಎಂದಳು. ಆ ಮೃದುತ್ವ ಕಂಡು ಅಳು ಹಿಂದಕ್ಕೆ ಹೋಯಿತು.

ದೇವರಾಜ ಮೊಹಲ್ಲಾದ ಒಂದು ಅಂಗಡಿಯಲ್ಲಿ ಇಂಥದ್ದಕ್ಕೆ ಟ್ವೀಟರ್ ಸಿಗುತ್ತದೆ ಎಂದು ಯಾರೋ ಹೇಳಿದರು. ಅಂಗಡಿಯ ಯಜಮಾನ ಜಗದೀಶ್ ಸುಟ್ಟ ಟ್ವೀಟರನ್ನು ಬೆಳಕಿಗೆ ಹಿಡಿದು ನೋಡಿ, ನಡೆದದ್ದನ್ನು ಕೇಳಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನೂರು ವೋಲ್ಟಿನ ವಿಷಯ ಮೇಲೆ ಬರೆದೆನಲ್ಲ, ಅದನ್ನೆಲ್ಲ ನನಗೆ ಬಿಡಿಸಿ ಹೇಳಿದವರು ಅವರೇ. ಒಳ್ಳೆಯ ಮನುಷ್ಯ. ಅಂಥದ್ದೇ ಟ್ವೀಟರ್ ಹುಡುಕಿ ತರಿಸಿಕೊಟ್ಟರು. ಅದು ಕೈಗೆ ಬಂದ ದಿನ ನಾನು ಆಂಪ್ಲಿಫೈಯರ್ ಕೇಳಿದೆ.

"ಏನ್ ಕೇಳ್ತೀರಾ ಮೇಡಂ ಸಾಮಾನ್ಯವಾಗಿ? ದೇವರ ನಾಮ, ಹಳೇ ಚಿತ್ರಗೀತೆ? ಇದು ತಗೊಳ್ಳಿ, ಚಿಕ್ಕದು, ಚೊಕ್ಕದು. ನಿಮಗೆ ಇಷ್ಟು ಸಾಕು."

ಅವರು ಕೆಟ್ಟದ್ದಾಗಿ ಹೇಳಲಿಲ್ಲ. ಈ ಮಾತನ್ನು ಕೆಟ್ಟದ್ದಾಗಿ ಹೇಳಿದವರು ಬಹಳ ಕಡಿಮೆ. ಶಾಲೆಯಲ್ಲಿ ವಿಜ್ಞಾನ ತಗೊಳ್ಳುತ್ತೇನೆ ಎಂದಾಗ ಮೇಷ್ಟ್ರು ತಲೆ ಸವರಿ, "ನಿನಗೆ ಹೊಲಿಗೆ ಸಾಕಲ್ವೇನಮ್ಮ" ಎಂದಿದ್ದರು. ಹೊಲಿಗೆಯಲ್ಲಿ ನಾನು ಎಂಥ ಪ್ರಚಂಡಳೆಂದು ಅವರಿಗೆ ಗೊತ್ತಿರಲಿಲ್ಲ, ನನ್ನ ರವಿಕೆಗೆ ನಾನೇ ತೋಳು ತಿರುವುಮುರುವು ಹಾಕಿದವಳು. ಸೈಟು ಹುಡುಕುವಾಗ ದಲ್ಲಾಳಿ ದೊಡ್ಡ ರಸ್ತೆಯ ಕಡೆ ಗಾಡಿಯನ್ನೇ ತಿರುಗಿಸಲಿಲ್ಲ, "ನಿಮ್ಮಂಥೋರ್ಗೆ ಈ ಕಡೆ ಸಾಕು ಬುಡಿ, ಗಾಳಿ ಚೆನ್ನಾಗದೆ" ಎಂದ. ಪ್ರೀತಿಯಿಂದ ಹೇಳಿದ ಸಾಕುಗಳೂ ಇದ್ದವು, ಅವನ್ನು ಎದುರಿಸುವುದು ಇನ್ನೂ ಕಷ್ಟ. ಪ್ರತಿ ಸಲವೂ ನನ್ನ ಅಳತೆಯನ್ನು ಬೇರೆ ಯಾರೋ ಕಣ್ಣಿನಲ್ಲೇ ತೆಗೆದು ಮುಗಿಸಿರುತ್ತಿದ್ದರು. ಈಗ ವ್ಯಾಟಿನ ಅಳತೆಯನ್ನೂ ತೆಗೆದಿದ್ದರು. ನನಗೆ ರೇಗಿತು.

"ನಾನು ಕೇಳೋದು ತಮಟೆ" ಎಂದೆ.

ಜಗದೀಶ್ ಆ ಚಿಕ್ಕ ಡಬ್ಬವನ್ನು ಮೇಜಿನ ಮೇಲಿಟ್ಟರು. "ಮನೆಯೊಳಗಾ?"

"ಮನೆಯೊಳಗೆ. ಹಾಲ್‌ನಲ್ಲಿ. ಕುರ್ಚಿ ಮೇಲೆ ಕೂತು."

ಮಾದೇವನ ತಮಟೆ ತುಂಬಿಕೊಂಡಿದ್ದ ಪೆನ್ ಡ್ರೈವ್ ಕೊಟ್ಟು ಆ ಚಿಕ್ಕ ಚೊಕ್ಕ ಆಂಪ್ಲಿಫೈಯರಿನಲ್ಲೇ ಹಾಕಿಸಿದೆ. ನನ್ನವುಗಳಂತೆಯೇ ದೊಡ್ಡ ಸ್ಪೀಕರ್ ಜೋಡಿಯೊಂದು ಅಂಗಡಿಯಲ್ಲಿತ್ತು. ಮೆಲ್ಲಗೆ ಇಟ್ಟಾಗ ಇಂಪಾಗಿಯೇ ಇತ್ತು. ಸ್ವಲ್ಪ ಸ್ವಲ್ಪ ಏರಿಸುತ್ತ ಹೋದರೆ, ಒಂದು ಹಂತದ ಮೇಲೆ ಪೆಟ್ಟು ದೊಡ್ಡದಾಗಲಿಲ್ಲ, ಕಿರಿಕಿರಿ ಮಾತ್ರ ದೊಡ್ಡದಾಯಿತು. ಹಪ್ಪಳ ಮುರಿದ ಹಾಗೆ ಸದ್ದು. "ತಮಟೆ ಅಂದ್ರೆ ಹೀಗೇ ಅಲ್ವಾ ಮೇಡಂ" ಎಂದರು ಜಗದೀಶ್.

"ಅಲ್ಲ" ಎಂದೆ. "ಗಂಟಲು ಕಟ್ಟಿದೆ ಇದಕ್ಕೆ."

ಗಂಟಲು ಕಟ್ಟುವುದು ಅಪ್ಪನ ಮಾತು. ಭಾಷಣಕಾರರು ಆವೇಶ ಬಂದು ಕಿರುಚಿದಾಗ ಆಂಪ್ಲಿಫೈಯರಿಗೆ ಅಷ್ಟು ಶಕ್ತಿಯಿಲ್ಲದಿದ್ದರೆ ಹಾರ್ನ್ ಹರಿದ ಬಟ್ಟೆಯ ದನಿ ಮಾಡುತ್ತದೆ. ಜಗದೀಶ್ ತಲೆಯಾಡಿಸಿದರು. ನಾನು ಹೇಳಿದ್ದು ಸರಿಯೆಂದು ಒಪ್ಪಿಕೊಂಡ ಮೇಲೆ ಅವರಿಗೂ ಹುರುಪು ಬಂತು. ಸ್ಟೂಲ್ ಎಳೆದುಕೊಂಡು ಕೂತರು. ತಮಟೆಯ ಪೆಟ್ಟು ಕಣ್ಣು ಮಿಟುಕಿಸುವಷ್ಟು ಹೊತ್ತಿನದು, ಆದರೆ ಅಷ್ಟು ಹೊತ್ತಿನಲ್ಲಿ ಅದು ಹಾಡಿಗಿಂತ ಎಷ್ಟೋ ಪಟ್ಟು ಶಕ್ತಿ ಕೇಳುತ್ತದಂತೆ. ಕೊಡಲಾಗದ ಆಂಪ್ಲಿಫೈಯರ್ ಪೆಟ್ಟಿನ ತಲೆಯನ್ನೇ ಕತ್ತರಿಸಿ ಕಳಿಸುತ್ತದಂತೆ. "ಇನ್ನೊಂದು ವಿಷಯ ಮೇಡಂ. ಟ್ವೀಟರ್ ಸುಡೋದು ಪವರ್ ಜಾಸ್ತಿ ಆಗಿ ಅಂತ ಎಲ್ಲರೂ ಅನ್ಕೋತಾರೆ. ಎಷ್ಟೋ ಸಲ ಸುಡೋದು ಪವರ್ ಸಾಲದೆ. ಚಿಕ್ಕ ಆಂಪ್ಲಿಫೈಯರ್‌ನ ಹಿಂಡಿ ಹಿಂಡಿ ಕೂಗಿಸ್ತಾರಲ್ಲ, ಆ ಕತ್ತರಿಸಿದ ದನಿಯೇ ಅದನ್ನ ಸುಡೋದು."

ಈ ಮಾತನ್ನು ನಾನು ಅವರ ಬಾಯಿಂದ ಎರಡನೇ ಸಲ ಹೇಳಿಸಿಕೊಂಡೆ. ಅಷ್ಟು ಹಿತವಾಗಿತ್ತು. ಸ್ವಲ್ಪವೇ ಕೊಟ್ಟರೆ ಸುರಕ್ಷಿತ ಎಂದು ಇಡೀ ಲೋಕ ನನಗೆ ಹೇಳಿಕೊಂಡು ಬಂದಿತ್ತು. ಸ್ವಲ್ಪ ಕೊಟ್ಟೇ ಸುಡುವುದುಂಟು ಎಂದು ಈಗ ಅಂಗಡಿಯವರೇ ಹೇಳುತ್ತಿದ್ದರು.

ಇಲ್ಲಿ ನಿಮಗೂ ಒಂದೆರಡು ವಿಷಯ ಹೇಳಿಬಿಡುತ್ತೇನೆ, ಬೇಡವಾದರೆ ಮುಂದಿನ ಪ್ಯಾರಾಕ್ಕೆ ಹೋಗಿ. ನನ್ನ ಸ್ಪೀಕರುಗಳ ಬೆನ್ನ ಮೇಲೆ ನಾಲ್ಕು ಓಮ್ ಎಂದಿದೆ. ನರ್ಸುಗಳಿಗೆ ಇದು ಸುಲಭ. ಡ್ರಿಪ್ಪಿಗೆ ದಪ್ಪ ಸೂಜಿ ಹಾಕಿದರೆ ಹೆಚ್ಚು ಹರಿಯುತ್ತದೆ, ಸಣ್ಣದಾದರೆ ಕಡಿಮೆ. ನಾಲ್ಕು ಓಮ್ ಎಂದರೆ ದಪ್ಪ ಸೂಜಿ. ಅದು ಎಳೆದುಕೊಳ್ಳುವಷ್ಟು ವಿದ್ಯುತ್ತನ್ನು ಆಂಪ್ಲಿಫೈಯರ್ ಬಿಸಿಯಾಗದೆ ಕೊಡಬೇಕು. ಎರಡನೆಯದು, ಅಪ್ಪನ ಹಾರ್ನ್‌ಗಳು ಒಂದು ಚಿಟಿಕೆ ವಿದ್ಯುತ್ ಸಿಕ್ಕರೂ ಊರೆಲ್ಲ ಕೂಗಿಬಿಡುವಂಥವು. ಮನೆಯ ಈ ನಾಜೂಕು ಪೆಟ್ಟಿಗೆಗಳು ಹಾಗಲ್ಲ, ಬಾಚಿ ಬಾಚಿ ತಿಂದು ಮೆಲ್ಲನೆ ಮಾತಾಡುತ್ತವೆ. ಮನೆ ಚಿಕ್ಕದು, ಆಂಪ್ಲಿಫೈಯರೂ ಚಿಕ್ಕದಿರಲಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪೆಟ್ಟಿಗೆ ಏನು ಕೇಳುತ್ತದೆ, ಅದರಲ್ಲಿ ನಾನೇನು ಕೇಳಬೇಕೆಂದಿದ್ದೇನೆ, ಎರಡನ್ನೇ ನೋಡಬೇಕು. ವಯಸ್ಸನ್ನು ಎಲ್ಲೂ ನೋಡಬೇಕಾಗಿಲ್ಲ.

ಜಗದೀಶ್ ತಾವೇ ಮಹಡಿಗೆ ಹೋಗಿ ಉಸಿರು ಬಿಡುತ್ತ ಒಂದನ್ನು ಹೊತ್ತು ತಂದರು. ಅಂದವಿಲ್ಲ, ಕಪ್ಪು, ಎರಡೂ ಪಕ್ಕಕ್ಕೆ ಬಾಚಣಿಗೆಯಂಥ ಅಲ್ಯೂಮಿನಿಯಮ್ ಹಲ್ಲುಗಳು. ಅದೇ ತಮಟೆ ಹಾಕಿದರು. ಮೊದಲ ಪೆಟ್ಟು ಬಿದ್ದದ್ದೇ ಪಕ್ಕದ ಅಂಗಡಿಯವರು ಹೊರಗೆ ಬಂದು ನೋಡಿದರು. ದನಿಯಲ್ಲಿ ಆಯಾಸವಿರಲಿಲ್ಲ, ಇನ್ನೂ ಎಷ್ಟೋ ಮಿಕ್ಕಿದೆ ಎನ್ನುವಂಥ ನಿರಾಳ. "ಇದರಲ್ಲಿ ಕಾಲುಭಾಗವೂ ನೀವು ಬಳಸಲ್ಲ ಮೇಡಂ" ಎಂದರು. ಬಳಸದ ಮುಕ್ಕಾಲು ನನ್ನದಾಗಿಯೇ ಇರಲಿ ಎಂದೆ. ಬೆಲೆ ಕೇಳಬೇಡಿ, ರೂಪಳಿಗೂ ಹೇಳಿಲ್ಲ.

ಭಾನುವಾರ ಮಧ್ಯಾಹ್ನ ರೂಪ ಹೋಗಿ ಮಾದೇವನನ್ನು ಆಟೋದಲ್ಲಿ ಕರೆತಂದಳು. ಅವನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಬಲಗೈಯನ್ನು ದಿಂಬಿನ ಮೇಲೆ ಇಟ್ಟೆ. ಅವನು ಪೆಟ್ಟಿಗೆಗಳನ್ನೂ ಆ ಕಪ್ಪು ಡಬ್ಬವನ್ನೂ ನೋಡಿ ಮುಖ ಸಿಂಡರಿಸಿದ.

"ಇದ್ಕಾ ಕರ್ಸ್ದೆ? ಫೋನಲ್ಲೇ ಕೇಳಿದ್ನಲ್ಲಕ್ಕ."

"ಇನ್ನೊಂದು ಸಲ ಕೇಳು. ಆಮೇಲೂ ಗದ್ಲ ಅಂದರೆ ನಾನು ಮತ್ತೆ ಆ ಮಾತು ಎತ್ತೋದಿಲ್ಲ" ಎಂದೆ. ಹೇಳುವುದೇನೋ ಹೇಳಿದೆ. ಇಷ್ಟು ಮಾಡಿಯೂ ಅವನು ಫೋನನ್ನು ತಳ್ಳಿದ ಹಾಗೆ ಇದನ್ನೂ ತಳ್ಳಿದರೆ ನನ್ನ ಬಳಿ ಬೇರೆ ಔಷಧವಿರಲಿಲ್ಲ.

ಮೊದಲು ಕೇಳಿದ್ದು ಬೆಂಕಿ. ತಮಟೆಗಳನ್ನು ಕಾಯಿಸಲು ಹಚ್ಚಿದ್ದ ಹುಲ್ಲು ಚಟಪಟ ಎನ್ನುತ್ತಿತ್ತು. ಫೋನಿನಲ್ಲಿ ಅದು ಇದ್ದದ್ದೇ ನಮಗೆ ಗೊತ್ತಾಗಿರಲಿಲ್ಲ. ಯಾರೋ ಕೆಮ್ಮಿದರು. ಮಾದೇವ ತಲೆ ಎತ್ತಿ, "ಸಿದ್ದಪ್ಪ" ಎಂದ, ಅವನ ಜೊತೆ ಬಾರಿಸುತ್ತಿದ್ದವನ ಹೆಸರು. ಆಮೇಲೆ ಪೆಟ್ಟು ಬಿತ್ತು. ನೆಲ ಅದನ್ನು ನನ್ನ ಪಾದಕ್ಕೆ ಹೇಳಿತು. ಗಾಜಿನ ಕಪಾಟಿನಲ್ಲಿದ್ದ ಸ್ಟೀಲ್ ಲೋಟಗಳು ಮಿಡಿದವು, ಗೋಡೆಯ ಮೇಲಿನ ಬುದ್ಧನ ಪಟ ಅಲುಗಿತು, ರೂಪ ಎದೆಯ ಮೇಲೆ ಕೈ ಇಟ್ಟುಕೊಂಡಳು. ಒಂದೊಂದು ತಮಟೆಯೂ ಬೇರೆ ಬೇರೆ ಜಾಗದಲ್ಲಿ ನಿಂತಿತ್ತು, ನಡುವೆ ಮಾದೇವನದು. ಮೊದಲು ಪಿಟೀಲು ಕೇಳಿದ ಸಂಜೆ ಯಾರೋ ಎದುರಿಗೆ ಬಂದು ಕೂತಂತೆ ಆಗಿತ್ತು ಎಂದೆನಲ್ಲ, ಇವರು ಬಂದು ಕೂರಲಿಲ್ಲ, ಮನೆಯನ್ನೇ ತುಂಬಿಕೊಂಡು ನಿಂತರು. ಮಾದೇವ ಕಣ್ಣು ಮುಚ್ಚಿದ್ದ. ಅವನ ಮುಖದಲ್ಲಿ ಏನಿದೆಯೆಂದು ನನಗೆ ಓದಲಾಗಲಿಲ್ಲ.

ಅಷ್ಟರಲ್ಲಿ ಬಾಗಿಲ ಗಂಟೆ. ಪಕ್ಕದ ಮನೆಯ ರಾಯರು, ನಿವೃತ್ತ ಇಂಜಿನಿಯರು, ಬನಿಯನ್ನಿನ ಮೇಲೆ ಟವೆಲ್ ಹೊದ್ದು ಗಾಬರಿಯಿಂದ ನಿಂತಿದ್ದರು.

"ಸಿಸ್ಟರ್, ಏನಾಯ್ತು? ನಿಮ್ಮನೇಲಿ ಯಾರಾದ್ರೂ... ಹೋಗ್ಬಿಟ್ರಾ?"

ಅವರ ಗಾಬರಿ ನಿಜವಾದದ್ದು. ಅವರಿಗೆ ತಮಟೆ ಎಂದರೆ ಹೆಣ, ಅಥವಾ ಬೀದಿಯ ಮೆರವಣಿಗೆ. "ಯಾರೂ ಹೋಗಿಲ್ಲ ರಾಯರೇ, ಬಾರಿಸಿದವನು ಒಳಗೆ ಕೂತಿದ್ದಾನೆ, ನನ್ನ ತಮ್ಮ" ಎಂದೆ.

"ಓಹ್. ಹಾಗಾದ್ರೆ ಸ್ವಲ್ಪ ಸೌಂಡು..." ಎಂದು ಎರಡು ಬೆರಳಿನಲ್ಲಿ ತಿರುಪು ತಿರುಗಿಸುವ ಹಾಗೆ ತೋರಿಸಿದರು.

ವಾರ್ಡಿನ ಕಾಲದ ನಾನಾಗಿದ್ದರೆ ಓಡಿಹೋಗಿ ತಗ್ಗಿಸುತ್ತಿದ್ದೆ. "ಇವನೂ ಇವನ ತಂಡದವರೂ ಇಷ್ಟು ಕಾಲ ಗೇಟಿನ ಹೊರಗೇ ನಿಂತು ಬಾರಿಸಿದ್ದಾರೆ. ಇವತ್ತು ಮನೆಯೊಳಗಿದ್ದಾರೆ. ನೀವೂ ಒಳಗೆ ಬನ್ನಿ, ಕೂತು ಕೇಳಿ" ಎಂದೆ. ರಾಯರು ಹಿಂದೆ ಮುಂದೆ ನೋಡಿದರು. ನಾನು ಬಾಗಿಲು ಪೂರ್ತಿ ತೆರೆದೆ. ಬಂದರು. ಟವೆಲ್ ಸರಿಮಾಡಿಕೊಂಡು ಸೋಫಾದ ಅಂಚಿನಲ್ಲಿ ಕೂತರು.

"ನಿಲ್ಸು!" ಎಂದು ಕೂಗಿದ ಮಾದೇವ.

ನಿಲ್ಲಿಸಿದೆ. ಫ್ರಿಜ್ಜಿನ ಸದ್ದು ಕೇಳತೊಡಗಿತು. ರಾಯರ ಮುಖ ಸ್ವಲ್ಪ ಸಡಿಲವಾಯಿತು. ತಮ್ಮನ ಕಣ್ಣಲ್ಲಿ ನೀರು ನಿಂತಿತ್ತು, ಆದರೆ ಮುಖದಲ್ಲಿ ಸಿಟ್ಟಿತ್ತು. ಲಕ್ವ ಹೊಡೆದ ಮೇಲೆ ಅವನು ಸಿಟ್ಟಾದದ್ದನ್ನೇ ನಾನು ನೋಡಿರಲಿಲ್ಲ.

"ಇಂದಕ್ಕೆ ಓಗು" ಎಂದ. "ಅಲ್ಲಿ ತಪ್ಪವ್ನೆ."

"ಯಾರೋ? ಸಿದ್ದಪ್ಪನಾ?"

"ಅವ್ನ್ಯಾಕೆ ತಪ್ತಾನೆ? ನಾನು ಕಣಕ್ಕ! ನಾನೇ ತಪ್ಪಿವ್ನಿ. ಎಲ್ರೂ ನನ್ ಕೈ ನೋಡ್ಕಂಡು ತಾಳ ತಿರುಗ್ಸ್‌ಬೇಕು ಅಲ್ಲಿ, ಎರಡು ಪೆಟ್ ಬೀಳ್ಬೇಕಿತ್ತು. ಒಂದೇ ಆಕಿವ್ನಿ."

ಎಡಗೈ ಮುಷ್ಟಿ ಕಟ್ಟಿ, ಬೆತ್ತದ ಕುರ್ಚಿಯ ತೋಳಿನ ಮೇಲೆ ಬೀಳಬೇಕಿದ್ದ ಎರಡು ಪೆಟ್ಟನ್ನೂ ಹಾಕಿ ತೋರಿಸಿದ. ಮತ್ತೊಮ್ಮೆ ತೋರಿಸಿದ, ರಾಯರ ಕಡೆ ತಿರುಗಿ. ರಾಯರು ತಲೆಯಾಡಿಸಿದರು.

"ಮೊದ್ಲಿಂದ ಆಕಕ್ಕ" ಎಂದ ಮಾದೇವ. "ಇನ್ನೂ ಜೋರಾಗ್ ಆಕು. ಎಂಗೆ ತಪ್ದೆ ನೋಡ್ಬೇಕು ನಾನು."

ರಾಯರನ್ನು ನಾನು ಕೇಳಲಿಲ್ಲ. ಮೊದಲಿನಿಂದ ಹಾಕಿದೆ, ಜೋರಾಗಿ.